ದಿನಕ್ಕೊಂದು ಪುಟ

ಸಂಕಲ್ಪ ಮಾಡುವುದು ಸುಲಭ. ಅದನ್ನು ಕೊನೆಯವರೆಗೆ ನಡೆಸುವುದು ಕಷ್ಟ. ಹೊಸ ವರ್ಷದ ಮೊದಲ ದಿನ ಎಷ್ಟೋ ಮಂದಿ ದಿನಚರಿಯ ಪುಸ್ತಕವೊಂದನ್ನು ತೆರೆಯುತ್ತಾರೆ. ಮೊದಲ ಪುಟದಲ್ಲಿ ಮುದ್ದಾದ ಅಕ್ಷರಗಳು, ಕೆಂಪು ಶಾಯಿಯ ಅಡಿಗೆರೆ, ಪುಟ ಸಾಲದೆ ಅಂಚಿಗೆ ಹರಿದ ಉತ್ಸಾಹ. ಹತ್ತನೆಯ ದಿನಕ್ಕೆ ಅಕ್ಷರಗಳು ಸೊಟ್ಟಗಾಗುತ್ತವೆ. ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುವ ಹೊತ್ತಿಗೆ ಪುಟಗಳು ಬರಿದಾಗುತ್ತವೆ. ಯುಗಾದಿಯ ವೇಳೆಗೆ ಅದೇ ಪುಸ್ತಕದಲ್ಲಿ ಹಾಲಿನ ಲೆಕ್ಕ ಕಾಣಿಸಿಕೊಳ್ಳುತ್ತದೆ. ಇಂಥವರನ್ನು ನಮ್ಮ ಹಿರಿಯರು ಆರಂಭಶೂರರೆಂದು ಕರೆದರು. ಆರಂಭಶೂರತ್ವವು ನಗೆಗೆ ಗುರಿಯಾಗುವ ದೋಷವೇ ಹೊರತು ಮಹಾಪರಾಧವಲ್ಲ. ಆದರೆ ಅದರಿಂದಾಗುವ ನಷ್ಟವೇನೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಗೊತ್ತಾದ ಒಂದು ಅವಧಿಯವರೆಗೆ, ಒಂದು ದಿನವೂ ಬಿಡದೆ, ಏನನ್ನಾದರೂ ಬರೆಯುತ್ತೇನೆಂದು ವ್ರತ ತೊಡುವುದು ಈಗ ಹಲವು ಕಡೆ ಬಳಕೆಯಲ್ಲಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರಾಂತದಲ್ಲಿ 1999ರಲ್ಲಿ 21 ಮಂದಿ ಗೆಳೆಯರು ಸೇರಿ, ಒಂದು ತಿಂಗಳೊಳಗೆ ತಲಾ 50,000 ಪದಗಳ ಕಾದಂಬರಿಯನ್ನು ಬರೆದು ಮುಗಿಸುವ ಪಂಥವನ್ನು ಕಟ್ಟಿಕೊಂಡರು. ಮರುವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಗೊತ್ತಾಯಿತು. ಕಾಲಕ್ರಮದಲ್ಲಿ ಅನೇಕ ದೇಶಗಳ ಜನರು ಅದರಲ್ಲಿ ಪಾಲ್ಗೊಂಡರು. ಅದನ್ನು ನಡೆಸುತ್ತಿದ್ದ ಸಂಸ್ಥೆಯು ತನ್ನ ಕಾರ್ಯವನ್ನು ನಿಲ್ಲಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಆದರೆ ತಿಂಗಳ ಕಾಲ ಪ್ರತಿದಿನ ಬರೆಯುವ ಆಸೆ ಆ ಸಂಸ್ಥೆಯೊಡನೆ ಮುಗಿದುಹೋಗುವಂಥದಲ್ಲ.

ಅವಧಿಯನ್ನು ಗೊತ್ತುಪಡಿಸಿಕೊಂಡು ನಿಯಮವನ್ನು ಪಾಲಿಸುವ ಪದ್ಧತಿ ನಮಗೇನೂ ಹೊಸದಲ್ಲ. ನಲವತ್ತೆಂಟು ದಿನಗಳಿಗೆ ಒಂದು ಮಂಡಲವೆಂದು ಎಣಿಸಿ, ಔಷಧವನ್ನಾಗಲಿ ವ್ರತವನ್ನಾಗಲಿ ಒಂದು ಮಂಡಲ ಕಾಲ ನಡೆಸುವುದು ನಮ್ಮಲ್ಲಿ ರೂಢಿಯಾಗಿದೆ. ಪ್ರತಿದಿನ ಬರೆಯುವುದೂ ನಮಗೆ ಹೊಸದಲ್ಲ. ಹಿಂದೆ ಅಂಗಡಿಕಾರರೂ ಶಾನುಭೋಗರೂ ಮಠಮಾನ್ಯಗಳ ಪಾರುಪತ್ಯಗಾರರೂ, ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಾಡಿದ ಕಡತಗಳ ಮೇಲೆ ಬಳಪದಿಂದ ದಿನವಹಿ ಲೆಕ್ಕವನ್ನು ಬರೆದಿಡುತ್ತಿದ್ದರು. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಅಲ್ಲಿ ಅಂದಂದಿಗೆ ನಮೂದಾಗುತ್ತಿತ್ತು. ನಾವು ಈಗ ವಿಚಾರಮಾಡುವ ಬರೆವಣಿಗೆಯೂ ಒಂದು ಬಗೆಯ ದಿನವಹಿ ಲೆಕ್ಕವೇ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಹಣವಲ್ಲ, ನಮ್ಮ ದಿನ.

ಇಂಥ ವ್ರತವನ್ನು ಕೈಕೊಂಡವರು ಅದರಿಂದ ಪಡೆಯಬಹುದಾದ ಪ್ರಯೋಜನವೇನು? ಅದನ್ನು ಪೂರ್ಣವಾಗಿ ಪಡೆಯುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳಿಗೆ, ಹಿಂದಿನವರ ಅನುಭವವನ್ನೂ ನನ್ನ ಸ್ವಂತದ ಒಂದು ಸೋಲನ್ನೂ ಆಧಾರವಾಗಿಟ್ಟುಕೊಂಡು ಉತ್ತರ ಹೇಳಲು ಇಲ್ಲಿ ಪ್ರಯತ್ನಿಸುತ್ತೇನೆ.

ಮೊದಲನೆಯದಾಗಿ, ಅಳತೆ ಚಿಕ್ಕದಾಗಿರಬೇಕು; ಹೊತ್ತು ಗೊತ್ತಾಗಿರಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಂಟನಿ ಟ್ರಾಲಪ್ ಎಂಬ ಕಾದಂಬರಿಕಾರನಿದ್ದ. ಅವನು ಜೀವನೋಪಾಯಕ್ಕಾಗಿ ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ಹಗಲೆಲ್ಲ ಸರಕಾರದ ಕೆಲಸ. ಆದ್ದರಿಂದ ಅವನು ಬೆಳಗಿನ ಜಾವ 5.30ಕ್ಕೆ ಬರೆಯುವ ಮೇಜಿನ ಮುಂದೆ ಕುಳಿತುಬಿಡುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವುದಕ್ಕಾಗಿ ಮನೆಯ ಹಳೆಯ ಸೇವಕನೊಬ್ಬನಿಗೆ ವರ್ಷಕ್ಕೆ ಐದು ಪೌಂಡುಗಳನ್ನು ಹೆಚ್ಚಾಗಿ ಕೊಡುತ್ತಿದ್ದನಂತೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು. ಉಡಿಗೆತೊಡಿಗೆ ಧರಿಸಿ ಬೆಳಗಿನ ಉಪಾಹಾರಕ್ಕೆ ಏಳುವ ಮೊದಲೇ ಅಂದಿನ ಬರೆವಣಿಗೆ ಮುಗಿದಿರುತ್ತಿತ್ತು. ಪ್ರತಿ ಕಾದಂಬರಿಗೂ ಒಂದು ಪಟ್ಟಿ ಮಾಡಿಕೊಂಡು, ಯಾವ ದಿನ ಎಷ್ಟು ಪುಟ ಬರೆದನೆಂಬುದನ್ನು ಅದರಲ್ಲಿ ಗುರುತಿಸುತ್ತಿದ್ದ. ಸೋಮಾರಿಯಾಗಿ ಕಳೆದ ದಿನ ಆ ಪಟ್ಟಿಯಲ್ಲಿ ಅವನನ್ನು ದಿಟ್ಟಿಸಿ ನೋಡುತ್ತಿತ್ತು. ಹೀಗೆ ಅವನು ತನ್ನ ಜೀವಮಾನದಲ್ಲಿ 47 ಕಾದಂಬರಿಗಳನ್ನು ರಚಿಸಿದ. ಅವನು 1882ರಲ್ಲಿ ತೀರಿಕೊಂಡನು; ಮರುವರ್ಷ ಅವನ ಆತ್ಮಕಥೆ ಅಚ್ಚಾಗಿ ಈ ಕ್ರಮವೆಲ್ಲ ಲೋಕಕ್ಕೆ ತಿಳಿಯಿತು. ಗಡಿಯಾರ ನೋಡಿಕೊಂಡು ಸಾಹಿತ್ಯ ಬರೆಯುವುದುಂಟೆ ಎಂದು ಮೂಗು ಮುರಿದವರೂ ಇದ್ದರು. ಆದರೆ ಸ್ಫೂರ್ತಿ ಬರಲಿ ಎಂದು ಕಾಯುತ್ತ ಕುಳಿತವನಿಗಿಂತ, ಸ್ಫೂರ್ತಿ ಬಂದಾಗ ಮೇಜಿನ ಮುಂದೆಯೇ ಇದ್ದವನಿಗೆ ಅದರ ಲಾಭ ಹೆಚ್ಚು ದೊರಕುವುದು ಸಹಜವಲ್ಲವೆ?

ಟ್ರಾಲಪ್ಪನ ಅಳತೆ ನಮಗೆ ಬೇಕಾಗಿಲ್ಲ. ಅವನು ಪಳಗಿದ ಲೇಖಕ, ನಾವು ಕಲಿಯುವವರು. ದಿನಕ್ಕೆ ಹತ್ತು ಸಾಲು ಸಾಕು. ಅತಿಯಾಸೆಯಿಂದ ನಾಲ್ಕು ಪುಟಗಳ ವ್ರತ ಹಿಡಿದವನು ನಾಲ್ಕನೆಯ ದಿನಕ್ಕೆ ಬಿಡುತ್ತಾನೆ. ಹತ್ತು ಸಾಲು ಬರೆಯುತ್ತೇನೆಂದವನು ತಿಂಗಳ ಕೊನೆಗೆ ಮುನ್ನೂರು ಸಾಲುಗಳ ಒಡೆಯನಾಗುತ್ತಾನೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಹಳ್ಳಕ್ಕಿಂತ ಬರೆವಣಿಗೆಗೇ ಹೆಚ್ಚು ಸಲ್ಲುತ್ತದೆ. ಹೊತ್ತನ್ನು ಗೊತ್ತುಪಡಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. "ಬಿಡುವಾದಾಗ ಬರೆಯುತ್ತೇನೆ" ಎಂದರೆ ಬಿಡುವು ಆಗುವುದೇ ಇಲ್ಲ. "ರಾತ್ರಿಯ ಊಟವಾಗಿ ತಟ್ಟೆ ತೊಳೆದಿಟ್ಟೊಡನೆ ಬರೆಯುತ್ತೇನೆ" ಎಂದರೆ, ಊಟವು ದಿನವೂ ತಪ್ಪದೆ ಬರುವಂತೆ ಬರೆವಣಿಗೆಯೂ ಅದರ ಬೆನ್ನಿಗೇ ಬರುತ್ತದೆ. ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸದ ಗೂಟಕ್ಕೆ ಕಟ್ಟಬೇಕು.

ಎರಡನೆಯ ಪ್ರಶ್ನೆ, ಬರೆಯುವುದು ಏನನ್ನು? ಬಹುಮಂದಿ ಸೋಲುವುದು ಇಲ್ಲಿಯೇ. ಮೊದಲ ವಾರ ತಲೆಯಲ್ಲಿರುವುದೆಲ್ಲ ಖರ್ಚಾಗಿಬಿಡುತ್ತದೆ. ಎಂಟನೆಯ ದಿನ ಬರೆಯಲು ಏನೂ ಇಲ್ಲವೆನಿಸುತ್ತದೆ. ನಿಜ ಹೇಳಬೇಕೆಂದರೆ ವ್ರತದ ಪ್ರಯೋಜನ ಆರಂಭವಾಗುವುದು ಆ ಎಂಟನೆಯ ದಿನವೇ. ಅಲ್ಲಿಯವರೆಗೆ ನಾವು ಕೂಡಿಟ್ಟುದನ್ನು ಉಣ್ಣುತ್ತಿದ್ದೆವು. ಇನ್ನು ಮುಂದೆ ದುಡಿದು ತರಬೇಕು. ದುಡಿಯುವುದೆಂದರೆ ಕಣ್ಣು ತೆರೆದು ನೋಡುವುದು, ಕಿವಿಗೊಟ್ಟು ಕೇಳುವುದು, ಗೊತ್ತಿಲ್ಲದುದನ್ನು ಗೊತ್ತಿದ್ದವರಿಂದ ವಿಚಾರಿಸುವುದು.

ಈ ಮಾತಿಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಈ ಸೀಮೆಯ ಸ್ಥಿತಿಗತಿಗಳನ್ನು ತಿಳಿದುಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನಿಗೆ ಅಪ್ಪಣೆಮಾಡಿದನು. ಬುಕಾನನ್ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿ, 1801ರ ಜುಲೈ ತಿಂಗಳಿನಲ್ಲಿ ಹಿಂದಿರುಗಿದನು. ಈ ಹದಿನಾಲ್ಕು ತಿಂಗಳು ಅವನು ಕಂಡುಕೇಳಿದುದನ್ನು ತಾರೀಖಿನ ಕ್ರಮದಲ್ಲಿ ಬರೆಯುತ್ತ ಹೋದನು. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆ ಗ್ರಂಥದಲ್ಲಿ ಅವನ ಹರ್ಷವಿಷಾದಗಳ ವರ್ಣನೆಗೆ ದೊರೆತಿರುವ ಸ್ಥಳ ಸ್ವಲ್ಪ. ಅದರ ಬದಲು ಈ ಊರಿನ ಮಣ್ಣು ಯಾವ ಬಣ್ಣದ್ದು, ಕೆರೆಯಲ್ಲಿ ನೀರು ನಿಲ್ಲುವುದೆ, ರಾಗಿಗೆ ನೆಲವನ್ನು ಎಷ್ಟು ಸಲ ಉಳುತ್ತಾರೆ, ಎಷ್ಟು ಬೀಜ ಬಿತ್ತಿದರೆ ಎಷ್ಟು ಬೆಳೆಯುತ್ತದೆ, ಕೂಲಿ ಎಷ್ಟು, ನೇಕಾರರು ಬಟ್ಟೆಯನ್ನು ಹೇಗೆ ನೇಯುತ್ತಾರೆ, ಕಬ್ಬಿಣದ ಅದಿರನ್ನು ಹೇಗೆ ಕರಗಿಸುತ್ತಾರೆ ಎಂಬಂಥ ಸಂಗತಿಗಳು ಪುಟಪುಟಗಳಲ್ಲಿ ತುಂಬಿವೆ. ಆ ಕಾಲದ ನಮ್ಮ ರೈತನೂ ಕಮ್ಮಾರನೂ ಇವೆಲ್ಲವನ್ನು ಬುಕಾನನ್ನನಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ದಿನವೂ ಕಾಣುವುದನ್ನು ಬರೆಯುವುದೇನು ಎಂದು ಅವರಿಗೆ ತೋರಿತು. ಹೊಸಬನಿಗೆ ಹಾಗೆ ತೋರಲಿಲ್ಲ. ಇಂದು ಇನ್ನೂರು ವರ್ಷಗಳ ಹಿಂದಿನ ಬೇಸಾಯವನ್ನು ತಿಳಿಯಬಯಸುವವರು ಅವನ ಪುಟಗಳನ್ನು ತಿರುವಿಹಾಕಬೇಕಾಗಿದೆ. ಅವನ ಬರೆಹದಲ್ಲಿ ದೋಷಗಳಿಲ್ಲವೆಂದಲ್ಲ. ಅವನು ಕಂಪೆನಿಯ ಸೇವಕ. ಗೆದ್ದವರ ಕಣ್ಣಿನಿಂದ ನೋಡಿದವನು. ದುಭಾಷಿಗಳ ಮಾತನ್ನು ನಂಬಬೇಕಾಗಿದ್ದವನು. ನಮ್ಮ ದಿನಗಳನ್ನು ನಾವೇ ಬರೆದಿಡದಿದ್ದರೆ, ಮುಂದೆ ಅವು ಅನ್ಯರ ಬರೆಹದಲ್ಲಿ, ಅನ್ಯರಿಗೆ ಕಂಡಷ್ಟು ಮಾತ್ರ ಉಳಿಯುತ್ತವೆ. ಇದು ಬುಕಾನನ್ನನ ಪುಸ್ತಕದಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠ.

ಬರೆಯಲು ಏನೂ ಇಲ್ಲವೆನ್ನುವ ವಿದ್ಯಾರ್ಥಿಯು ತನ್ನ ಬೀದಿಯ ಕೊನೆಯಲ್ಲಿರುವ ಚಪ್ಪಲಿ ಹೊಲಿಯುವವನ ಬಳಿ ಕಾಲು ಗಂಟೆ ನಿಲ್ಲಲಿ. ಅವನ ಬಳಿ ಎಷ್ಟು ಬಗೆಯ ಉಳಿಗಳಿವೆ, ದಾರಕ್ಕೆ ಅವನು ಮೇಣವನ್ನೇಕೆ ಸವರುತ್ತಾನೆ, ಮಳೆಗಾಲದಲ್ಲಿ ಅವನ ಸಂಪಾದನೆ ಹೆಚ್ಚುವುದೋ ಕಡಿಮೆಯಾಗುವುದೋ ಎಂಬುದನ್ನು ವಿಚಾರಿಸಲಿ. ಹತ್ತು ಸಾಲು ಸಾಲದೆ ಹೋಗುತ್ತದೆ. ಸಂಜೆ ಬರೆಯಬೇಕಾಗಿದೆಯೆಂಬ ನೆನಪು ಹಗಲಿನ ಕಣ್ಣನ್ನು ಹರಿತಗೊಳಿಸುತ್ತದೆ. ದಿನವೂ ಬರೆಯುವುದರ ಮುಖ್ಯ ಫಲ ಇದೇ ಎಂದು ನನ್ನ ನಂಬಿಕೆ. ಕೈಗಿಂತ ಮೊದಲು ಅದು ಕಣ್ಣನ್ನು ತಿದ್ದುತ್ತದೆ.

ಈ ಸತ್ಯವನ್ನು ನಾನು ತಡವಾಗಿ ಕಂಡುಕೊಂಡೆ. ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, 1988ರಲ್ಲಿ, ವರ್ಷಪೂರ್ತಿ ಒಂದು ದಿನವೂ ತಪ್ಪದೆ ದಿನಚರಿ ಬರೆಯುತ್ತೇನೆಂದು ಸಹೋದ್ಯೋಗಿಯೊಬ್ಬರೊಡನೆ ಪಂಥ ಕಟ್ಟಿದೆ, ಗೆದ್ದೆ. ಅಧಿಕ ವರ್ಷವಾದುದರಿಂದ 366 ದಿನಗಳ 366 ಪುಟಗಳಲ್ಲಿಯೂ ಬರೆಹವಿತ್ತು. ಪಂಥದ ಬಾಬತ್ತು ಅವರು ನನಗೊಂದು ಲೇಖನಿಯನ್ನು ಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಹುಕಾಲ ಹೆಮ್ಮೆಯಿಂದ ತಿರುಗಾಡಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ನನ್ನ ತಾಯಿ ತೀರಿಕೊಂಡರು.

ಹಲವು ವರ್ಷಗಳ ಅನಂತರ, ತಾಯಿಯ ನೆನಪು ಬಹಳವಾಗಿ ಕಾಡಿದ ಒಂದು ದಿನ, ಪೆಟ್ಟಿಗೆಯಿಂದ ಆ ದಿನಚರಿಯನ್ನು ಹೊರತೆಗೆದೆ. ಅವರ ಕೊನೆಯ ವರ್ಷವೆಲ್ಲ ಅದರಲ್ಲಿರಬೇಕಷ್ಟೆ. ತೆರೆದು ನೋಡಿದರೆ ಪುಟಪುಟದಲ್ಲಿಯೂ ಇದ್ದುದು ಇಷ್ಟು: "ಎಂದಿನಂತೆ ಶಾಲೆ. ಸಂಜೆ ಮಳೆ." "ಎಂದಿನಂತೆ ಶಾಲೆ. ತಾಯಿಗೆ ಜ್ವರ." "ವಿಶೇಷವೇನೂ ಇಲ್ಲ." ಪಂಥ ಗೆಲ್ಲುವ ಆತುರದಲ್ಲಿ ನಾನು ಪುಟಗಳನ್ನು ತುಂಬಿಸಿದ್ದೆ, ದಿನಗಳನ್ನಲ್ಲ. ಅವರು ಜ್ವರದಲ್ಲಿ ಏನು ಕೇಳಿದರು, ಯಾರನ್ನು ನೆನೆದರು, ನನ್ನ ಊಟದ ಹೊತ್ತು ತಪ್ಪಿದಾಗ ಏನೆಂದು ಗದರಿದರು, ಯಾವುದೂ ಅಲ್ಲಿರಲಿಲ್ಲ. ಜುಲೈ ತಿಂಗಳ ಒಂದೇ ಒಂದು ಪುಟದಲ್ಲಿ ಮಾತ್ರ, ಅಂದು ಶಾಲೆಗೆ ರಜೆಯಿದ್ದು ಬೇರೇನೂ ಬರೆಯಲು ತೋಚದೆ, ನಾಲ್ಕು ಸಾಲು ಬರೆದಿದ್ದೆ. ತಾಯಿ ಜಗಲಿಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿ ಒಂದು ನೆಲ್ಲು ಸಿಕ್ಕಿತು. ಅದನ್ನು ಕಲ್ಲಿನ ಜೊತೆಗೆ ಬಿಸಾಡದೆ, "ಇದಕ್ಕಿನ್ನೂ ಜೀವ ಇದೆ" ಎಂದು ಅಂಗಳದ ಒದ್ದೆ ಮಣ್ಣಿಗೆ ಎಸೆದರು. ಅಷ್ಟೆ. 366 ಪುಟಗಳಲ್ಲಿ ಅವರ ದನಿ ನನಗೆ ಕೇಳಿಸುವುದು ಆ ಒಂದು ಪುಟದಲ್ಲಿ.

ಆದುದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿದು: "ಎಂದಿನಂತೆ" ಎಂಬ ಪದವನ್ನು ನಿಮ್ಮ ಪುಟದೊಳಕ್ಕೆ ಬಿಟ್ಟುಕೊಳ್ಳಬೇಡಿರಿ. ಯಾವ ದಿನವೂ ಎಂದಿನಂತೆ ಇರುವುದಿಲ್ಲ. ನಾವು ನೋಡದೆ ಇದ್ದ ದಿನಕ್ಕೆ ಎಂದಿನಂತೆ ಎಂದು ಹೆಸರು. ದಿನದಲ್ಲಿ ಒಂದು ಸಂಗತಿಯನ್ನು ಆರಿಸಿಕೊಳ್ಳಿರಿ, ಒಂದೇ ಸಾಕು. ಆದರೆ ಅದನ್ನು ಹೆಸರು, ಬಣ್ಣ, ಅಳತೆ, ಆಡಿದ ಮಾತು ಇವುಗಳೊಡನೆ ಬರೆಯಿರಿ. "ಜಾತ್ರೆಯಲ್ಲಿ ತುಂಬ ಜನರಿದ್ದರು" ಎಂಬ ವಾಕ್ಯ ಯಾವ ಜಾತ್ರೆಗಾದರೂ ಹೊಂದುತ್ತದೆ. "ತೇರಿನ ಹಗ್ಗ ಹಿಡಿಯಲು ಹೋದ ತಾತನ ಒಂದು ಕಾಲಿನ ಜೋಡು ಕಳೆದುಹೋಗಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಬಂದರು" ಎಂಬ ವಾಕ್ಯ ಒಂದೇ ಜಾತ್ರೆಗೆ, ಒಬ್ಬನೇ ತಾತನಿಗೆ ಸೇರಿದ್ದು.

ಮೂರನೆಯದಾಗಿ, ದಿನ ತಪ್ಪಿದರೆ ಏನು ಮಾಡಬೇಕು? ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಪರೀಕ್ಷೆ ಬರುತ್ತದೆ. ಒಂದು ದಿನ ತಪ್ಪಿತೆಂದು ವ್ರತವನ್ನೇ ಕೈಬಿಡುವವರು ಬಹಳ. ಒಂದು ಎಲೆ ಉದುರಿತೆಂದು ಗಿಡವನ್ನು ಕಿತ್ತು ಹಾಕಿದಂತೆ ಅದು. ಲೋಕಪ್ರಸಿದ್ಧ ದಿನಚರಿಕಾರನಾದ ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್‌ನನ್ನು ಇಲ್ಲಿ ನೆನೆಯಬಹುದು. ನೌಕಾ ಇಲಾಖೆಯ ಅಧಿಕಾರಿಯಾಗಿದ್ದ ಅವನು 1660ರ ಜನವರಿ 1ರಂದು, ತನ್ನ 26ನೆಯ ವಯಸ್ಸಿನಲ್ಲಿ ದಿನಚರಿಯನ್ನಾರಂಭಿಸಿ, 1669ರ ಮೇ 31ರವರೆಗೆ, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದನು. ಅದರ ಪದಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆ. 1665ರಲ್ಲಿ ಲಂಡನ್ನನ್ನು ಹಾಳುಮಾಡಿದ ಪ್ಲೇಗು, 1666ರ ಸೆಪ್ಟೆಂಬರಿನಲ್ಲಿ ನಗರವನ್ನು ಸುಟ್ಟ ಮಹಾಗ್ನಿ ಇವುಗಳ ಕಣ್ಣಾರೆ ಕಂಡ ವರ್ಣನೆ ಅದರಲ್ಲಿದೆ. ಬೆಂಕಿ ಹತ್ತಿರ ಬಂದಾಗ ಅವನು ದ್ರಾಕ್ಷಾಮದ್ಯವನ್ನೂ ಇಟಲಿಯ ಪಾರ್ಮೆಸನ್ ಗಿಣ್ಣನ್ನೂ ಮಣ್ಣಿನಲ್ಲಿ ಹೂತಿಟ್ಟುದನ್ನು ಬರೆದಿಡಲು ಮರೆಯಲಿಲ್ಲ. ಅರಸನ ಆಜ್ಞೆಗಳ ಪಕ್ಕದಲ್ಲಿ ಗಿಣ್ಣಿನ ಗಡ್ಡೆಯೂ ಇರುವುದರಿಂದಲೇ ಆ ಬೆಂಕಿ ನಮಗೆ ಇಂದಿಗೂ ನಿಜವೆನಿಸುತ್ತದೆ.

ಇಂಥ ಪೀಪ್ಸನೂ ಪ್ರತಿರಾತ್ರಿ ಬರೆದವನಲ್ಲ. ಕೆಲಸ ಹೆಚ್ಚಿದಾಗ ಚೀಟಿಗಳಲ್ಲಿ ಗುರುತುಮಾಡಿಕೊಂಡು, ಕೆಲವು ದಿನಗಳಾದ ಮೇಲೆ ಅವೆಲ್ಲವನ್ನು ಕ್ರಮವಾಗಿ ಪುಸ್ತಕಕ್ಕೆ ಏರಿಸುತ್ತಿದ್ದನು. ದಿನ ತಪ್ಪಿತು, ವ್ರತ ತಪ್ಪಲಿಲ್ಲ. ಕೊನೆಗೆ ದೀಪದ ಬೆಳಕಿನಲ್ಲಿ ಬರೆದು ಬರೆದು ಕಣ್ಣು ಹೋಗುತ್ತದೆಂಬ ಭಯದಿಂದ ಅವನು ದಿನಚರಿಯನ್ನು ನಿಲ್ಲಿಸಿದನು. ಕಣ್ಣು ಹೋಗಲಿಲ್ಲ, 1703ರವರೆಗೆ ಬದುಕಿದ್ದನು. ಆದರೆ ಅಂಥ ದಿನಚರಿಯನ್ನು ಮತ್ತೆ ನಡೆಸಲಿಲ್ಲ. ಅವನಿಂದ ನಾವು ಕಲಿಯುವ ನಿಯಮ ಇದು: ತಪ್ಪಿದ ದಿನಕ್ಕೆ ಒಂದು ಚೀಟಿಯಲ್ಲಿ ನಾಲ್ಕು ಪದಗಳನ್ನಾದರೂ ಗುರುತುಮಾಡಿಟ್ಟುಕೊಳ್ಳಬೇಕು, ಒಂದು ದಿನ ತಪ್ಪಿದರೆ ಮರುದಿನ ತಪ್ಪದೆ ಕುಳಿತುಕೊಳ್ಳಬೇಕು.

ನಾಲ್ಕನೆಯದು, ಜೊತೆ. ಪೀಪ್ಸನು ತನ್ನ ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆದು ಬೇರೆಯವರಿಂದ ಮರೆಮಾಡಿದನು. ಅದು 1825ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಅವನು ಬರೆದುದು ತನಗಾಗಿ. ಇತರರು ಓದಲೆಂದು ದಿನವೂ ಬರೆಯುವುದು ಇನ್ನೊಂದು ಬಗೆ. ಲಂಡನ್ನಿನಲ್ಲಿಯೇ 1711ರ ಮಾರ್ಚ್ 1ರಂದು ಜೋಸೆಫ್ ಅಡಿಸನ್ ಮತ್ತು ರಿಚರ್ಡ್ ಸ್ಟೀಲ್ ಎಂಬ ಇಬ್ಬರು ಗೆಳೆಯರು 'ಸ್ಪೆಕ್ಟೇಟರ್' ಎಂಬ ಪತ್ರಿಕೆಯನ್ನಾರಂಭಿಸಿದರು. ಒಂದೇ ಹಾಳೆ, ಎರಡೂ ಬದಿ ಅಚ್ಚು, ಸಾಮಾನ್ಯವಾಗಿ ಅದರಲ್ಲಿ ಒಂದು ಪ್ರಬಂಧ. ಭಾನುವಾರದ ಹೊರತು ಪ್ರತಿದಿನ ಅದು ಹೊರಡಬೇಕು. 1712ರ ಡಿಸೆಂಬರ್ 6ರವರೆಗೆ ಹೀಗೆ 555 ಸಂಚಿಕೆಗಳು ಬೆಳಕು ಕಂಡವು. ಕಾಫಿಯ ಅಂಗಡಿಗಳಲ್ಲಿ ಜನ ಅದನ್ನು ಓದಿ ಚರ್ಚಿಸುತ್ತಿದ್ದರು. ಇಂಗ್ಲಿಷಿನ ಪ್ರಬಂಧ ಸಾಹಿತ್ಯಕ್ಕೆ ಒಂದು ಮೇಲ್ಪಂಕ್ತಿಯೇ ಅದರಿಂದ ಏರ್ಪಟ್ಟಿತು. ಇಷ್ಟನ್ನು ಒಬ್ಬನೇ ಮಾಡಲಾಗುತ್ತಿತ್ತೆ? ಹೆಚ್ಚು ಕಡಿಮೆ ಎಲ್ಲ ಹೊರೆಯನ್ನೂ ಈ ಇಬ್ಬರೇ ಹಂಚಿಕೊಂಡರು. ಆಗಾಗ ಬೇರೆ ಮಿತ್ರರೂ ಕೈಗೂಡಿಸಿದರು. ಓದುಗರು ಬರೆದ ಕಾಗದಗಳೂ ಎಷ್ಟೋ ದಿನ ವಿಷಯವನ್ನೊದಗಿಸಿದವು.

ತರಗತಿಯ ನಾಲ್ಕಾರು ಮಂದಿ ಸೇರಿ ಒಂದೇ ತಿಂಗಳು ಈ ವ್ರತವನ್ನು ಕೈಕೊಂಡರೆ ಅದು ಸುಲಭವೂ ಸಂತೋಷಕರವೂ ಆಗುತ್ತದೆ. ಶನಿವಾರ ಒಂದೆಡೆ ಕುಳಿತು, ಆ ವಾರದ ಪುಟಗಳಲ್ಲಿ ತನಗೆ ಮೆಚ್ಚಿಕೆಯಾದ ಒಂದನ್ನು ಪ್ರತಿಯೊಬ್ಬನೂ ಓದಲಿ. ಕೇಳುವವರು "ಚೆನ್ನಾಗಿದೆ" ಎಂದು ಬಾಯುಪಚಾರ ಮಾಡಿ ಸುಮ್ಮನಾಗಬಾರದು. ಯಾವ ಮಾತು ಕಣ್ಣಿಗೆ ಕಟ್ಟಿತು, ಎಲ್ಲಿ ತಿಳಿಯದೆ ಹೋಯಿತು ಎಂದು ಹೇಳಬೇಕು. ಆದರೆ ಒಂದು ಎಚ್ಚರಿಕೆ ಇರಬೇಕು. ತನಗಾಗಿ ಬರೆದುಕೊಂಡುದೆಲ್ಲ ಇತರರ ಮುಂದೆ ಓದತಕ್ಕುದಲ್ಲ. ಮನೆಯ ಕಷ್ಟ, ಗೆಳೆಯನು ನಂಬಿ ಹೇಳಿದ ಗುಟ್ಟು, ಯಾರದೋ ಅಂಗದೋಷ ಇವುಗಳನ್ನು ಓದಿ ನಗಿಸುವುದು ಸಜ್ಜನಿಕೆಯಲ್ಲ. ಹಾಗೆಯೇ ಮೆಚ್ಚುಗೆಗಾಗಿ ಕಾಣದುದನ್ನು ಕಂಡೆನೆಂದು ಬರೆದರೆ, ಬರೆವಣಿಗೆ ಬೆಳೆದಂತೆ ಕಂಡರೂ ಕಣ್ಣು ಕುರುಡಾಗುತ್ತದೆ.

ಐದನೆಯದೂ ಕೊನೆಯದೂ ಆದ ಮಾತು, ಬರೆದುದನ್ನು ಮತ್ತೆ ಓದಬೇಕು, ತಿದ್ದಬೇಕು. ಬರೆದು ಮುಚ್ಚಿಟ್ಟ ಪುಸ್ತಕ ಅರ್ಧ ಫಲವನ್ನು ಮಾತ್ರ ಕೊಡುತ್ತದೆ. ಇದಕ್ಕೆ ನಿಮ್ಮ ವಯಸ್ಸಿನ ಬಾಲಿಕೆಯೊಬ್ಬಳೇ ಸಾಕ್ಷಿ. ಆನ್ ಫ್ರಾಂಕ್ ಎಂಬ ಯೆಹೂದಿ ಬಾಲಿಕೆಗೆ 1942ರ ಜೂನ್ 12ರಂದು, ಅವಳ 13ನೆಯ ಹುಟ್ಟುಹಬ್ಬಕ್ಕೆ ಒಂದು ದಿನಚರಿ ಪುಸ್ತಕ ದೊರೆಯಿತು. ಒಂದು ತಿಂಗಳು ತುಂಬುವುದರೊಳಗಾಗಿ ಅವಳ ಕುಟುಂಬ ನಾಜಿಗಳ ಹಿಂಸೆಗಂಜಿ ಆಮ್‌ಸ್ಟರ್‌ಡ್ಯಾಮ್ ನಗರದ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿಕೊಳ್ಳಬೇಕಾಯಿತು. ಎರಡು ವರ್ಷಕ್ಕೂ ಮಿಕ್ಕಿ ಅವಳು ಹೊರಗಿನ ಬೀದಿಗೆ ಕಾಲಿಡಲಿಲ್ಲ. ಬರೆಯಲು ಏನೂ ಇಲ್ಲ ಎನ್ನುವುದಕ್ಕೆ ಅವಳಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಅದೇ ಕೋಣೆಗಳು, ಅದೇ ಎಂಟು ಜನ, ಅದೇ ಆಲೂಗಡ್ಡೆಯ ಊಟ. ಆದರೂ ಅವಳು ಕಿಟ್ಟಿ ಎಂಬ ಕಾಲ್ಪನಿಕ ಗೆಳತಿಗೆ ಕಾಗದ ಬರೆಯುವಂತೆ, ಬಿಡುವು ಬಿಟ್ಟು ಬಿಟ್ಟಾದರೂ, ಬರೆಯುತ್ತ ಹೋದಳು.

1944ರ ಮಾರ್ಚ್ 28ರಂದು ಅವಳು ರೇಡಿಯೋದಲ್ಲಿ ಒಂದು ಭಾಷಣವನ್ನು ಕೇಳಿದಳು. ದೇಶದ ಹೊರಗಿದ್ದ ಡಚ್ಚರ ಸರಕಾರದ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರ ದಿನಚರಿಗಳನ್ನೂ ಕಾಗದಗಳನ್ನೂ ಸಂಗ್ರಹಿಸಬೇಕಾಗುವುದೆಂದು ಹೇಳಿದರು. ಅದರಿಂದ ಅವಳಲ್ಲಿ ಹೊಸ ಹುರುಪು ಹುಟ್ಟಿತು. ಆ ವರ್ಷದ ಮೇ ತಿಂಗಳಿನಿಂದ ಅವಳು ತನ್ನ ಹಳೆಯ ಪುಟಗಳನ್ನೆಲ್ಲ ಓದಿ, ಬೇಡವಾದುದನ್ನು ಬಿಟ್ಟು, ಅಸ್ಪಷ್ಟವಾದುದನ್ನು ಬಿಡಿಸಿ, ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯತೊಡಗಿದಳು. ಹದಿಮೂರನೆಯ ವಯಸ್ಸಿನಲ್ಲಿ ಬರೆದುದನ್ನು ಹದಿನೈದನೆಯ ವಯಸ್ಸಿನಲ್ಲಿ ಓದಿದಾಗ ಅವಳಿಗೆ ತನ್ನ ಬಾಲಿಶತನವೂ ಕಂಡಿತು, ತಾನು ಬೆಳೆದುದೂ ಕಂಡಿತು. ಆಗಸ್ಟ್ 1ರಂದು ಬರೆದುದೇ ಕೊನೆ. ಆಗಸ್ಟ್ 4ರಂದು ಅವರೆಲ್ಲರೂ ಸೆರೆಯಾದರು. 1945ರ ಆರಂಭದ ತಿಂಗಳುಗಳಲ್ಲಿ ಬರ್ಗೆನ್ ಬೆಲ್ಸೆನ್ ಶಿಬಿರದಲ್ಲಿ ಅವಳು ತೀರಿಕೊಂಡಳು. ಬದುಕುಳಿದ ತಂದೆ ಆ ಹಾಳೆಗಳನ್ನು 1947ರಲ್ಲಿ ಪ್ರಕಟಿಸಿದರು. ಅವಳನ್ನು ಅಡಗಿಸಿಟ್ಟಿದ್ದ ಕೋಣೆಗಳ ಒಂದೊಂದು ದಿನವೂ ಎಂದಿನಂತೆಯೇ ಇತ್ತೆಂದು ಅವಳು ಬರೆದಿದ್ದರೆ ಲೋಕಕ್ಕೆ ಏನು ಉಳಿಯುತ್ತಿತ್ತು?

ನಾವೆಲ್ಲರೂ ಪ್ರಸಿದ್ಧ ಲೇಖಕರಾಗಬೇಕಾಗಿಲ್ಲ. ನಮ್ಮ ದಿನಚರಿಗಳೆಲ್ಲ ಅಚ್ಚಾಗಬೇಕಾಗಿಯೂ ಇಲ್ಲ. ಆದರೆ ಮೂವತ್ತು ದಿನಗಳ ವ್ರತವನ್ನು ನಡೆಸಿದವನಿಗೆ ಮೂರು ಲಾಭಗಳು ಖಂಡಿತ. ಮನಸ್ಸಿನಲ್ಲಿರುವುದನ್ನು ತಡಕಾಡದೆ ವಾಕ್ಯಕ್ಕೆ ಇಳಿಸುವ ಶಕ್ತಿ ಬರುತ್ತದೆ. ಸುತ್ತಲಿನ ಜನರನ್ನೂ ವಸ್ತುಗಳನ್ನೂ ಗಮನಿಸುವ ಶಕ್ತಿ ಬೆಳೆಯುತ್ತದೆ. ಕೊಟ್ಟ ಮಾತನ್ನು, ಅದೂ ಬೇರೆ ಯಾರೂ ಕೇಳದ, ತನಗೆ ತಾನೇ ಕೊಟ್ಟುಕೊಂಡ ಮಾತನ್ನು ಉಳಿಸಿಕೊಂಡ ತೃಪ್ತಿ ದೊರೆಯುತ್ತದೆ.

ಈ ಪಾಠವನ್ನು ಓದಿದ ನೀವು ಬರುವ ತಿಂಗಳ ಮೊದಲ ದಿನಕ್ಕಾಗಿ ಕಾಯುತ್ತ ಕುಳಿತುಕೊಳ್ಳಬೇಡಿರಿ. ಅದು ಆರಂಭಶೂರರ ಪದ್ಧತಿ. ಹಳೆಯ ನೋಟುಬುಕ್ಕಿನ ಕೊನೆಯಲ್ಲಿ ಉಳಿದಿರುವ ಖಾಲಿ ಹಾಳೆಗಳನ್ನು ಹೊಲಿದುಕೊಳ್ಳಿರಿ. ಇಂದು ರಾತ್ರಿ ಊಟವಾದ ಮೇಲೆ ತಾರೀಖು ಹಾಕಿ ಹತ್ತು ಸಾಲು ಬರೆಯಿರಿ. ಏನು ಬರೆಯಬೇಕೆಂದು ತೋಚದಿದ್ದರೆ, ಊಟ ಬಡಿಸಿದವರು ಯಾರು, ಬಡಿಸುತ್ತ ಏನೆಂದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆಯಿರಿ. ಎಷ್ಟೋ ವರ್ಷಗಳ ಮೇಲೆ ಆ ಪುಟವನ್ನು ತೆರೆದಾಗ, ಅದನ್ನು ಬರೆದಿಟ್ಟುದಕ್ಕಾಗಿ ನಿಮ್ಮನ್ನು ನೀವೇ ವಂದಿಸುವಿರಿ.